ಒಂದೇ ದಾರದ ನಾಲ್ವರು

ಫೆಬ್ರವರಿ ಒಂಬತ್ತು, ಭಾನುವಾರ. ಹಿರಿಯಾಕೆಯ ಹಳೆಯ ಡೈರಿಯಲ್ಲಿ ಆ ದಿನದ ಪುಟದ ಮೇಲೆ ಎರಡೇ ಸಾಲು ಇವೆ: “ಗೆಳತಿಯರೆಲ್ಲ ಹಳೇಪಟ್ಟಣ ನೋಡಲು ಹೋದರು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು.” ಇಸವಿ ಇಲ್ಲಿ ಬೇಡ. ಹೇಳಿದರೆ ಕೇಳುವವರು ಕಥೆ ಬಿಟ್ಟು ಬೆರಳು ಮಡಿಸಿ ವಯಸ್ಸು ಎಣಿಸುತ್ತಾರೆ.

ಹಿರಿಯಾಕೆ ಕಾಲೇಜಿನಲ್ಲಿ ಚರಿತ್ರೆ ಓದಿದವಳು. ಆ ಕಾಲಕ್ಕೆ ತರಗತಿಯ ಹೆಣ್ಣುಮಕ್ಕಳೆಲ್ಲ ಸೇರಿದರೂ ಒಂದು ಬೆಂಚು ತುಂಬುತ್ತಿರಲಿಲ್ಲ. ಹಳೇಪಟ್ಟಣದ ಬಣ್ಣದ ಮಂಟಪದ ಮೇಲೆ ಆಕೆ ಒಂದು ಪ್ರಬಂಧ ಬರೆದಿದ್ದಳು. ಮಂಟಪದ ಮಾಡಿನ ಒಳಮೈಯಲ್ಲಿ ಒಂದು ಚಿತ್ರವಿದೆ. ಪಟ್ಟಣಕ್ಕೆ ನೀರಿಲ್ಲದ ಕಾಲದಲ್ಲಿ ರಾಣಿಯ ಊಳಿಗದ ಹೆಂಗಸರು ಹೋಗಿ, ಹೊಳೆಯನ್ನೇ ಒಗೆದ ಸೀರೆಯ ಹಾಗೆ ಅಂಚು ಹಿಡಿದು ಎತ್ತಿ ಊರೊಳಗೆ ತಂದರಂತೆ, ಅದರ ಚಿತ್ರ. ಆಕೆಯ ಪ್ರಬಂಧಕ್ಕೆ ಬಹುಮಾನ ಬಂತು. ಪ್ರಿನ್ಸಿಪಾಲರು ಅದನ್ನು ಸಭೆಯಲ್ಲಿ ಓದಿ, “ಕಣ್ಣಾರೆ ನೋಡಿದವರೂ ಹೀಗೆ ಬರೆಯಲಾರರು” ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಹೊಗಳಿಕೆ ಮಾತ್ರ ಆಕೆಯ ಒಳಗೆ ಮುಳ್ಳಾಗಿ ಕೂತುಬಿಟ್ಟಿತು, ಏಕೆಂದರೆ ಆಕೆ ಮಂಟಪವನ್ನು ನೋಡಿರಲಿಲ್ಲ. ಪುಸ್ತಕ ನೋಡಿ ಬರೆದಿದ್ದಳು.

ಆಮೇಲೆ ಮದುವೆ, ಮನೆ, ಬಾಣಂತನ, ಹಬ್ಬ, ಮಕ್ಕಳ ಪರೀಕ್ಷೆ, ಮಕ್ಕಳ ಮದುವೆ. ಊರೂರು ತಿರುಗಿದರು. ಹಳೇಪಟ್ಟಣದ ಮಾತು ಬಂದಾಗೆಲ್ಲ ಯಜಮಾನರು, “ಅದೆಲ್ಲಿಗೆ ಹೋಗುತ್ತೆ, ಕಲ್ಲು ತಾನೇ” ಅನ್ನುತ್ತಿದ್ದರು. ಕಲ್ಲು ಎಲ್ಲಿಗೂ ಹೋಗಲಿಲ್ಲ. ಮಂಡಿ ಹೋಯಿತು. ಕೊನೆಗೊಂದು ದಿನ ಹಿರಿಯಾಕೆ ಬೆಳಗಿನ ಕಾಫಿಯ ಹೊತ್ತಿಗೆ, “ನಾಳೆ ಹೊರಡುತ್ತೇವೆ” ಅಂದಳು. ಅದು ಪ್ರಶ್ನೆಯಲ್ಲ ಎಂಬುದು ಮನೆಯವರಿಗೆಲ್ಲ ತಿಳಿಯಿತು.

ಹೊರಟವರು ನಾಲ್ವರು: ಹಿರಿಯಾಕೆ, ಆಕೆಯ ಗಂಡ ಯಜಮಾನರು, ಯಜಮಾನರ ತಂಗಿಯಾದ ನಾದಿನಿ, ಮತ್ತು ಸೊಸೆ.

ಹಳೇಪಟ್ಟಣಕ್ಕೆ ಒಂದೇ ಹೆಬ್ಬಾಗಿಲು. ಬೆಳಕು ಹರಿದಾಗ ತೆರೆಯುತ್ತದೆ, ಹೊತ್ತು ಮುಳುಗಿದಾಗ ಮುಚ್ಚುತ್ತದೆ. ಒಂದು ಜನ್ಮಕ್ಕೆ ಒಂದೇ ಹಗಲು. ಒಮ್ಮೆ ಒಳಗೆ ಬಂದು ಹೋದವರನ್ನು ಬಾಗಿಲು ಮತ್ತೆ ಗುರುತಿಸುವುದಿಲ್ಲ. ಅಲ್ಲಿ ಬಾಗಿಲವಳು ಒಬ್ಬಳು ಕೂತಿರುತ್ತಾಳೆ. ಅವಳ ಮಡಿಲಲ್ಲಿ ಕೆಂಪು ದಾರದ ಉಂಡೆ. ಒಟ್ಟಿಗೆ ಬಂದವರ ಬಲಗೈಗಳಿಗೆ ಅವಳು ಒಂದೇ ದಾರ ಸುತ್ತುತ್ತಾಳೆ, ಒಬ್ಬರಿಂದ ಇನ್ನೊಬ್ಬರಿಗೆ, ಇನ್ನೊಬ್ಬರಿಂದ ಮತ್ತೊಬ್ಬರಿಗೆ. ಸುತ್ತುತ್ತ ಹೇಳುತ್ತಾಳೆ:

“ಒಟ್ಟಿಗೆ ಬಂದವರು ಒಟ್ಟಿಗೆ ನೋಡಬೇಕು. ಒಬ್ಬರ ಕಣ್ಣು ತಪ್ಪಿದರೆ ಎಲ್ಲರಿಗೂ ಬರೀ ಕಲ್ಲು.”

“ಅಂದ್ರೆ?” ಅಂದಳು ನಾದಿನಿ.

“ಅಂದ್ರೆ ಅಷ್ಟೇ ತಾಯಿ. ನಾಲ್ಕು ಜನರ ಕಣ್ಣೂ ಒಂದೇ ಕಡೆ ಬಿದ್ದರೆ ಪಟ್ಟಣ ಕಾಣುತ್ತೆ. ಮೂರು ಜನರದು ಬಿದ್ದರೆ ಕಾಣೋದಿಲ್ಲ.”

“ನಮ್ಮಣ್ಣ ಮರದ ಮರೆಗೆ ಹೋಗಬೇಕಾದ್ರೆ ನಾವೂ ಹೋಗಬೇಕೇನು?”

“ದಾರ ಬೇಕಾದಷ್ಟು ಉದ್ದ ಆಗುತ್ತೆ,” ಅಂದಳು ಬಾಗಿಲವಳು. ಈ ಪ್ರಶ್ನೆ ಅವಳಿಗೆ ಹೊಸದಾಗಿರಲಿಲ್ಲ.

ಹಿರಿಯಾಕೆ ಮೂವರನ್ನೂ ಒಮ್ಮೆ ನೋಡಿದಳು. ಬದುಕಿನಲ್ಲಿ ಒಂದು ಸಲವೂ ಒಂದೇ ಕಡೆ ನೋಡದ ಮೂವರನ್ನು ಆರಿಸಿ ತಂದಂತಿತ್ತು. ಮದುವೆಮನೆಯ ಫೋಟೋದಲ್ಲಿ ಕೂಡ ಯಜಮಾನರು ಅಡುಗೆಮನೆಯ ಕಡೆ ನೋಡುತ್ತಿದ್ದಾರೆ, ನಾದಿನಿ ಪಕ್ಕದವಳ ಸರ ನೋಡುತ್ತಿದ್ದಾಳೆ. ಸೊಸೆಗೆ ಯಾವ ಫೋಟೋದಲ್ಲೂ ಕಣ್ಣು ತೆರೆದಿಲ್ಲ.

ಮೊದಲು ಸಿಕ್ಕಿದ್ದು ಆನೆ ಲಾಯ. ಹಿರಿಯಾಕೆ ಪುಸ್ತಕದಲ್ಲಿ ಓದಿದ್ದಳು: ಸಾಲಾಗಿ ಕಮಾನುಗಳು, ಒಂದೊಂದು ಕಮಾನಿನ ಮೇಲೂ ಒಂದೊಂದು ಬಗೆಯ ಗುಮ್ಮಟ. ಎದುರಿಗೆ ಇದ್ದದ್ದು ಕಲ್ಲಿನ ರಾಶಿ, ಅದರ ಸಂದಿಯಲ್ಲಿ ಎಕ್ಕದ ಗಿಡ.

“ಎಲ್ಲರೂ ನೋಡಿ,” ಅಂದಳು.

ನೋಡಿದರು. ಕಲ್ಲು. ಆಕೆ ತಿರುಗಿದಳು. ಯಜಮಾನರು ಬಗ್ಗಿ ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಳ್ಳುತ್ತಿದ್ದರು.

“ರೀ.”

“ಬಂದೆ ಕಣೇ. ಕಿತ್ತುಹೋಗಿದೆ.”

“ಆನೆ ಲಾಯದ ಮುಂದೆಯೇ ಕೀಳಬೇಕಿತ್ತೇನು ಅದು?”

“ಅದಕ್ಕೇನು ಗೊತ್ತು, ಇದು ಆನೆ ಲಾಯ ಅಂತ. ನನಗೇ ಗೊತ್ತಾಗ್ತಿಲ್ಲ.”

ಎರಡನೆಯದು ಕಲ್ಲಿನ ಅಂಗಡಿ ಬೀದಿ. ಮುತ್ತು ಹವಳಗಳನ್ನು ಸೇರಿನಲ್ಲಿ ಅಳೆದು ಮಾರಿದ ಬೀದಿ ಎಂದು ಪುಸ್ತಕ. ಹಿರಿಯಾಕೆ ‘ನೋಡಿ’ ಎಂದಾಗ ನಾದಿನಿ ಹಿಂದಕ್ಕೆ ತಿರುಗಿ, ಸೀಬೆಹಣ್ಣು ಮಾರುವವಳ ಬುಟ್ಟಿ ನೋಡುತ್ತಿದ್ದಳು. ಅವಳನ್ನು ತಿರುಗಿಸಿದ ಹೊತ್ತಿಗೆ ಸೊಸೆಯ ಕಣ್ಣಿಗೆ ಧೂಳು ಬಿತ್ತು. ಸೊಸೆಯ ಕಣ್ಣು ಊದಿ ಸರಿಮಾಡಿದ ಹೊತ್ತಿಗೆ ಯಜಮಾನರು ನೆರಳು ಹುಡುಕಿಕೊಂಡು ಹೋಗಿದ್ದರು. ದಾರ ಅಷ್ಟುದ್ದ ಆಗಿತ್ತು.

ಇದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ಬೀದಿಯ ಆಚೆ ಬದಿಯಲ್ಲಿ ಬೇರೊಂದು ದಾರದವರು ನಿಂತಿದ್ದರು, ಅಜ್ಜಿ ಮೊಮ್ಮಕ್ಕಳೆಲ್ಲ ಸೇರಿ ಒಂದು ದೊಡ್ಡ ಸಂಸಾರ. ಅವರೆಲ್ಲರ ಕತ್ತು ಒಂದೇ ಕಡೆ ವಾಲಿತ್ತು, ಎಲ್ಲರ ಬಾಯೂ ಒಂದೇ ಅಳತೆಗೆ ತೆರೆದಿತ್ತು. ಹಿರಿಯಾಕೆಯ ಕಣ್ಣಿಗೆ ಅವರು ನೋಡುತ್ತಿದ್ದದ್ದು ಒಂದು ಮುರುಕು ಗೋಡೆ. ಅವರಲ್ಲಿ ಒಬ್ಬಳು, “ಅಯ್ಯೋ, ಆ ಮುತ್ತಿನ ರಾಶಿ ನೋಡ್ರೇ,” ಅಂದಳು. ಉಳಿದವರು ಹೂಂಗುಟ್ಟಿದರು. ಅಜ್ಜಿ ಕೈಚಾಚಿ ಏನನ್ನೋ ಸವರಿದಳು.

“ಅವರೇನು ಬಿ.ಎ. ಓದಿದವರಾ?” ಅಂದಳು ಹಿರಿಯಾಕೆ, ಯಾರಿಗೆಂದಲ್ಲದೆ.

“ಓದಿದ ಹಾಗೆ ಕಾಣಲ್ಲ ಅತ್ತಿಗೆ,” ಅಂದಳು ನಾದಿನಿ, “ಬುಟ್ಟಿ ತುಂಬ ಸೀಬೆಹಣ್ಣು ಕೊಂಡಿದಾರೆ. ನಾವೂ ಕೊಳ್ಳೋಣವಾ?”

ಹೀಗೆ ನಡೆದರು. ಬಿಸಿಲು ಏರಿತು. ನಾಣ್ಯ ಟಂಕಿಸಿದ ಮನೆ ಕಲ್ಲಾಗಿ ಉಳಿಯಿತು. ರಾಣಿಯ ಉಯ್ಯಾಲೆ ಕಂಬ ಕಲ್ಲಾಗಿ ಉಳಿಯಿತು. ಪ್ರತಿಯೊಂದರ ಎದುರೂ ಹಿರಿಯಾಕೆ ನಿಂತಳು, ‘ನೋಡಿ’ ಅಂದಳು, ತಿರುಗಿದಳು, ತಪ್ಪಿದ ಕಣ್ಣನ್ನು ಹಿಡಿದಳು, ಬೈದಳು, ಮುಂದಕ್ಕೆ ನಡೆದಳು.

ಮಧ್ಯಾಹ್ನ ಹುಣಸೆಮರದ ಕೆಳಗೆ ಬುತ್ತಿ ಬಿಚ್ಚಿದರು. ಚಿತ್ರಾನ್ನದ ಪೊಟ್ಟಣ ಹಿರಿಯಾಕೆಯ ಕೈಯಲ್ಲಿತ್ತು. ಬಡಿಸಬೇಕು ಅನ್ನುವಷ್ಟರಲ್ಲಿ ಮೇಲಿಂದ ಒಂದು ಕೋತಿ ಇಳಿಯಿತು, ಪೊಟ್ಟಣವನ್ನು ಕೈಯಿಂದ ಕಿತ್ತುಕೊಂಡಿತು, ಕಲ್ಲಿನಿಂದ ಕಲ್ಲಿಗೆ ಹಾರಿ ಮೇಲೆ ಹೋಯಿತು. ನಾಲ್ವರೂ ಕೋತಿಯನ್ನೇ ನೋಡಿದರು.

ಕೋತಿಯ ಕಾಲ ಕೆಳಗೆ ಗೋಪುರ ಎದ್ದಿತು. ಅದು ಹಾರಿದಂತೆಲ್ಲ ಒಂದೊಂದೇ ಅಂತಸ್ತು ಬೆಳೆಯಿತು. ಕೆಂಪು ಕಲ್ಲಿನ ಕಿಟಕಿಗಳು, ಕಿಟಕಿಗೊಂದು ಪಾರಿವಾಳ, ತುದಿಯಲ್ಲಿ ಹೊನ್ನಿನ ಕಲಶ. ಕಲಶದ ಮೇಲೆ ಕೋತಿ ಕೂತು ಚಿತ್ರಾನ್ನ ತಿಂದಿತು.

ಆಮೇಲೆ ಹಿರಿಯಾಕೆ, “ಕಂಡಿತಾ ನಿಮಗೆ?” ಎಂದು ಅವರ ಕಡೆ ತಿರುಗಿದಳು. ಮತ್ತೆ ಅತ್ತ ನೋಡುವ ಹೊತ್ತಿಗೆ ಕೋತಿ ಒಂದು ಗುಡ್ಡೆ ಕಲ್ಲಿನ ಮೇಲೆ ಕೂತು ಕಡಲೆಬೀಜ ಆರಿಸುತ್ತಿತ್ತು.

“ಎಲ್ಲಿ ಹೋಯ್ತು?” ಅಂದರು ಯಜಮಾನರು. “ಇನ್ನೂ ನೋಡ್ತಾ ಇದ್ದೆ ನಾನು.”

“ಯಾರೋ ಕಣ್ಣು ತೆಗೆದರು,” ಅಂದಳು ಹಿರಿಯಾಕೆ. “ಯಾರು ತೆಗೆದದ್ದು?”

ನಾದಿನಿ, “ಆ ಕೋತೀನೂ ಕರೆದುಕೊಂಡು ಹೋಗೋಣ ಅತ್ತಿಗೆ. ನಿಮಗಿಂತ ಚೆನ್ನಾಗಿ ತೋರಿಸುತ್ತೆ,” ಅಂದಳು. ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಯಜಮಾನರು ನಗದೆ ಇರಲು ಬಹಳ ಕಷ್ಟಪಟ್ಟರು.

ಅಲ್ಲಿಂದ ಮುಂದೆ ಹಿರಿಯಾಕೆ ಶಿಸ್ತು ತಂದಳು. ಹಸಿವಿನಲ್ಲಿ ಶಿಸ್ತು ಇನ್ನಷ್ಟು ಕಟ್ಟುನಿಟ್ಟಾಗುತ್ತದೆ. ಮೂವರೂ ಸಾಲಾಗಿ ನಿಲ್ಲಬೇಕು. ಚಪ್ಪಲಿ ಬಿಟ್ಟಿರಬೇಕು. ಸೀನು ಬರುವವರು ಮೊದಲೇ ಸೀನಿ ಮುಗಿಸಿರಬೇಕು. ‘ನೋಡಿ’ ಎಂದ ಮೇಲೆ ರೆಪ್ಪೆ ಬಡಿಯಕೂಡದು. ತಾನು ಒಂದು ಹೆಜ್ಜೆ ಪಕ್ಕಕ್ಕೆ ನಿಂತು, ಎದುರಿನ ಕಲ್ಲನ್ನೊಮ್ಮೆ, ಅವರ ಕಣ್ಣುಗಳನ್ನೊಮ್ಮೆ ನೋಡುತ್ತಿದ್ದಳು. ಸಂತೆಯಲ್ಲಿ ಕುರಿ ಕಾಯುವವನಿಗೂ ಅಷ್ಟು ಕೆಲಸ ಇರುವುದಿಲ್ಲ.

ರಾಣಿಯ ಸ್ನಾನದ ಕೊಳದ ಎದುರು ಮೂವರೂ ಕಂಬದ ಹಾಗೆ ನಿಂತು ನೋಡಿದರು. ಒಣಗಿದ ಹಳ್ಳ ಒಣಗಿದ ಹಳ್ಳವಾಗಿಯೇ ಇತ್ತು.

“ಯಾರೋ ಮನಸ್ಸಿಟ್ಟು ನೋಡ್ತಿಲ್ಲ,” ಅಂದಳು ಹಿರಿಯಾಕೆ.

“ಮನಸ್ಸಿನ ಮಾತು ಬಾಗಿಲವಳು ಆಡಲಿಲ್ಲವಲ್ಲ,” ಅಂದರು ಯಜಮಾನರು. “ಕಣ್ಣು ಅಂದಳು. ಕಣ್ಣಿಟ್ಟಿದೀನಿ.”

“ನೀವು ಇಟ್ಟ ಕಣ್ಣು ನನಗೆ ಗೊತ್ತಿಲ್ಲವಾ? ಇಷ್ಟು ವರ್ಷದಲ್ಲಿ ನಾನು ತೋರಿಸಿದ್ದು ಯಾವುದನ್ನ ನೋಡಿದೀರಿ? ಹೊಸ ಪರದೆ ಹಾಕಿ ಒಂದು ತಿಂಗಳಾದ ಮೇಲೆ, ‘ಇದು ಯಾವಾಗ ಬಂತು’ ಅಂತ ಕೇಳಿದೋರು ನೀವು.”

“ಪರದೆ ಇರೋದು ಸರಿಸೋದಕ್ಕೆ ಕಣೇ, ನೋಡೋದಕ್ಕಲ್ಲ.”

“ಅತ್ತೆ,” ಅಂದಳು ಸೊಸೆ ಮೆಲ್ಲಗೆ, “ನಾವು ಮೂರೂ ಜನ ನೋಡ್ತಾನೇ ಇದ್ವಿ.”

“ನೋಡ್ತಾ ಇದ್ದಿದ್ರೆ ಕಾಣಬೇಕಿತ್ತಲ್ಲಮ್ಮ.”

ಸೊಸೆ ಅತ್ತೆಯ ಕಣ್ಣನ್ನೊಮ್ಮೆ, ಹಳ್ಳವನ್ನೊಮ್ಮೆ ನೋಡಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡಳು.

ಹೊತ್ತು ಇಳಿಯಿತು. ನೆರಳುಗಳು ಅವರಿಗಿಂತ ಮುಂದೆ ನಡೆದವು. ಬಣ್ಣದ ಮಂಟಪ ಪಟ್ಟಣದ ಕೊನೆಯಲ್ಲಿತ್ತು, ಒಂದು ದಿಬ್ಬದ ಮೇಲೆ. ಹಿರಿಯಾಕೆ ಮಂಡಿ ಹಿಡಿದುಕೊಂಡು ಏರಿದಳು. ಕೈಗೆ ಕೈ ಕೊಡಲು ಬಂದ ಸೊಸೆಗೆ, “ನೀನು ಕಣ್ಣು ಸರಿಯಾಗಿಟ್ಟುಕೋ, ಸಾಕು,” ಅಂದಳು. ಇಡೀ ಪಟ್ಟಣ ಕಲ್ಲಾಗಿ ಹೋದರೂ ಹೋಗಲಿ. ಆನೆ ಲಾಯ ಹೋಗಲಿ, ಅಂಗಡಿ ಬೀದಿ ಹೋಗಲಿ, ಕೊಳ ಹೋಗಲಿ. ಇದೊಂದು ಕಾಣಬೇಕು. ತಾನು ಬರೆದದ್ದು ನಿಜವೋ ಸುಳ್ಳೋ, ಅದನ್ನೊಂದು ತಿಳಿದುಕೊಂಡು ಕಣ್ಣು ಮುಚ್ಚಬೇಕು.

ಮಂಟಪದ ಕಂಬಗಳ ನಡುವೆ ಒಬ್ಬ ಮುದುಕಿ ಕೂತು ಅಡಕೆ ಕತ್ತರಿಸುತ್ತಿದ್ದಳು. ಅವಳು ಮಂಟಪದ ಕಾವಲಿನವಳು. ನಾಲ್ವರ ಕೈಯ ದಾರ ನೋಡಿದಳು, ಬನ್ನಿ ಎಂದು ತಲೆಯಾಡಿಸಿದಳು.

ಹಿರಿಯಾಕೆ ಮೂವರನ್ನೂ ನಡುವಿನ ಹಾಸುಗಲ್ಲಿನ ಮೇಲೆ ನಿಲ್ಲಿಸಿದಳು. ಗಲ್ಲ ಹಿಡಿದು ಒಬ್ಬೊಬ್ಬರ ಮುಖವನ್ನೂ ಮೇಲಕ್ಕೆ ಎತ್ತಿದಳು, ಮಕ್ಕಳಿಗೆ ಔಷಧ ಕುಡಿಸುವ ಹಾಗೆ. “ನೋಡಿ,” ಅಂದಳು.

ಮೇಲೆ ಸುಣ್ಣ. ಅಲ್ಲಲ್ಲಿ ಬಾವಲಿಯ ಕಲೆ.

“ಇನ್ನೊಂದು ಸಲ.”

ಸುಣ್ಣ.

“ಇನ್ನೊಂದು ಸಲ. ರೀ, ನೀವು ಆಕಳಿಸಿದಿರಿ.”

“ಕತ್ತು ಹಿಂದಕ್ಕೆ ಹಾಕಿದರೆ ಬಾಯಿ ತಾನಾಗೇ ತೆರೆಯುತ್ತೆ ಕಣೇ. ಅದು ಆಕಳಿಕೆಯಲ್ಲ.”

“ಇನ್ನೊಂದು ಸಲ.”

ಸುಣ್ಣ. ನಾದಿನಿ, “ನನ್ನ ಕತ್ತು ಇಲ್ಲೇ ಇರುತ್ತೆ, ನಾನು ಹೊರಡ್ತೀನಿ,” ಎಂದು ಕಂಬಕ್ಕೆ ಒರಗಿ ಕೂತಳು. ಯಜಮಾನರೂ ಕೂತರು. ಅವರಿಬ್ಬರ ನಡುವೆ ಸೊಸೆಯೂ ಕೂತಳು. ಮೂವರೂ ಕಾಲು ನೀಡಿದರು. ಹಿರಿಯಾಕೆ ಒಬ್ಬಳೇ ನಿಂತಿದ್ದಳು. ಪಡುವಣದ ಬಿಸಿಲು ಕಂಬಗಳ ಬುಡಕ್ಕೆ ಬಂದು ತಲುಪಿತ್ತು.

“ಇವರನ್ನ ಕಟ್ಟಿಕೊಂಡು ಬಂದರೆ ಸ್ವರ್ಗದಲ್ಲೂ ನನಗೆ ಸುಣ್ಣವೇ ಕಾಣೋದು,” ಅಂದಳು ಆಕೆ ಕಾವಲಿನವಳಿಗೆ. “ಬೇರೆ ದಾರಿ ಇಲ್ಲವೇನಮ್ಮ?”

ಕಾವಲಿನವಳು ಅಡಕತ್ತರಿಯನ್ನು ಎತ್ತಿ ತೋರಿಸಿದಳು. “ಇದೆ. ದಾರ ಕತ್ತರಿಸಿದರೆ ಒಬ್ಬರೇ ನೋಡಬಹುದು. ಹೊತ್ತು ಮುಳುಗೋವರೆಗೂ ನೋಡಬಹುದು, ಯಾರ ಹಂಗೂ ಇಲ್ಲ.”

“ಕತ್ತರಿಸು ಮತ್ತೆ.”

“ಕೇಳಿಬಿಡಿ ತಾಯಿ. ಕತ್ತರಿಸಿದ ದಾರ ಮತ್ತೆ ಕೂಡೋದಿಲ್ಲ. ಆಮೇಲೆ ನೀವು ನೋಡಿದ್ದು ನಿಮಗೆ, ಅವರು ನೋಡಿದ್ದು ಅವರಿಗೆ. ಈ ಪಟ್ಟಣದ ಮಾತು ನಿಮಗೂ ಅವರಿಗೂ ನಡುವೆ ದಾಟೋದಿಲ್ಲ. ನೀವಾಡಿದರೆ ಅವರಿಗೆ ಕೇಳಿಸದು. ಅವರಾಡಿದರೆ ನಿಮಗೆ ಕೇಳಿಸದು. ಇಲ್ಲಷ್ಟೇ ಅಲ್ಲ, ಮನೆಗೆ ಹೋದ ಮೇಲೂ ಅಷ್ಟೇ.”

ಹಿರಿಯಾಕೆ ಕಂಬಕ್ಕೆ ಒರಗಿದ ಮೂವರನ್ನು ನೋಡಿದಳು. ಯಜಮಾನರು ಮಂಡಿ ಒತ್ತಿಕೊಳ್ಳುತ್ತಿದ್ದರು. ನಾದಿನಿ ಅಂಗಡಿ ಬೀದಿಯಲ್ಲಿ ಕೊಂಡಿದ್ದ ಸೀಬೆಹಣ್ಣನ್ನು ಸೆರಗಿಗೆ ಒರೆಸುತ್ತಿದ್ದಳು.

“ಅವರು ಏನು ನೋಡಿದಾರೆ, ಅವರಾಡೋದಕ್ಕೆ,” ಅಂದಳು. “ನಾನು ಹೇಳಿದ್ದನ್ನಂತೂ ಅವರು ಎಂದೂ ಕೇಳಿಸಿಕೊಂಡವರಲ್ಲ. ಕತ್ತರಿಸು.”

“ಯೋಚನೆ ಮಾಡೇ,” ಅಂದರು ಯಜಮಾನರು ಕೂತಲ್ಲಿಂದ.

“ಇಷ್ಟು ವರ್ಷ ಮಾಡಿದ್ದು ಅದನ್ನೇ,” ಅಂದಳು ಹಿರಿಯಾಕೆ, ಕೈಚಾಚಿದಳು.

ಅಡಕತ್ತರಿ ಒಮ್ಮೆ ಕಚ್ಚಿತು. ಆಕೆಯ ಮಣಿಕಟ್ಟಿನಿಂದ ದಾರ ಬಿದ್ದಿತು. ಮೂವರ ಕೈಯಲ್ಲಿದ್ದದ್ದು ಸುರುಳಿ ಸುತ್ತಿಕೊಂಡು ಮೂವರಿಗೆ ಸರಿಯಾಯಿತು.

ಈಗ ಯಾರ ಕಣ್ಣನ್ನೂ ಕಾಯಬೇಕಿರಲಿಲ್ಲ. ಹಿರಿಯಾಕೆ ತಲೆಯೆತ್ತಿದಳು.

ಸುಣ್ಣ ಬೆವೆತಂತಾಯಿತು. ಆಮೇಲೆ ನೀಲಿ ಬಂತು. ಮಾಡಿನ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೊಳೆ ಹರಡಿಕೊಂಡಿತು, ಬಿಸಿಲಿಗೆ ಬಿಚ್ಚಿ ಹಿಡಿದ ಒದ್ದೆ ಸೀರೆಯ ಹಾಗೆ. ಎರಡೂ ಅಂಚಿನಲ್ಲಿ ಹೆಂಗಸರು, ಕುಂಕುಮದ ಕೆಂಪು, ಅರಿಸಿನದ ಹಳದಿ, ಕಾಡಿಗೆಯ ಕಪ್ಪು. ಮೀನುಗಳು ನೆರಿಗೆಯಲ್ಲಿ ಸಿಕ್ಕಿಕೊಂಡಿದ್ದವು. ನೀರಿನ ಭಾರಕ್ಕೆ ಹೆಂಗಸರ ಮೊಣಕೈಗಳು ಬಾಗಿದ್ದವು. ಅಂಚಿನಿಂದ ತೊಟ್ಟಿಕ್ಕಿದ ಹನಿಯೊಂದು ಹಿರಿಯಾಕೆಯ ಹಣೆಯ ಮೇಲೆ ಬಿದ್ದಿತು. ಒರೆಸಿಕೊಂಡಳು, ಬೆರಳು ತಣ್ಣಗಾಯಿತು.

ಪುಸ್ತಕಗಳು ಹೇಳಿದ್ದವು, ಆಕೆಯೂ ಬರೆದಿದ್ದಳು: ‘ಹೆಂಗಸರೆಲ್ಲ ಮೌನವಾಗಿ, ಗಂಭೀರವಾಗಿ, ಮುಂದಕ್ಕೆ ನೋಡುತ್ತ ನಡೆದಿದ್ದಾರೆ.’ ಆ ಸಾಲಿಗೇ ಪ್ರಿನ್ಸಿಪಾಲರು ಎರಡು ಸಲ ತಲೆದೂಗಿದ್ದರು. ಅದು ಸುಳ್ಳು. ಹೊಳೆ ಹೊತ್ತ ಹೆಂಗಸರಲ್ಲಿ ಒಬ್ಬಳಾದರೂ ಬಾಯಿ ಮುಚ್ಚಿರಲಿಲ್ಲ. ಒಬ್ಬಳು ಎದುರು ಅಂಚಿನವಳನ್ನು ಕೂಗುತ್ತಿದ್ದಳು. ಒಬ್ಬಳು ಬೈಯುತ್ತಿದ್ದಳು. ಒಬ್ಬಳು ಎಷ್ಟು ನಗುತ್ತಿದ್ದಳೆಂದರೆ ಅವಳ ಕೈಯ ಅಂಚು ಜಾರಿ ಅಷ್ಟು ನೀರು ಚೆಲ್ಲಿತ್ತು. ಪಕ್ಕದವಳು ಅವಳನ್ನು ಮೊಣಕೈಯಲ್ಲಿ ತಿವಿಯುತ್ತಿದ್ದಳು. ಚರಿತ್ರೆ ಬರೆದ ಯಾವ ದೊಡ್ಡ ಮನುಷ್ಯನೂ ಇದನ್ನು ಬರೆದಿರಲಿಲ್ಲ. ಬಹುಶಃ ಅವರೂ ಒಬ್ಬರ ಪುಸ್ತಕ ನೋಡಿ ಇನ್ನೊಬ್ಬರು ಬರೆದವರು.

ಹಿರಿಯಾಕೆಗೆ ನಗು ಬಂತು. ಬೆಳಗಿನಿಂದ ಬರದ ನಗು.

“ರೀ, ಪುಸ್ತಕವೆಲ್ಲ ಸುಳ್ಳು,” ಎಂದು ತಿರುಗಿದಳು. “ಇವರು ಮಾತಾಡ್ತಾ ಇದಾರೆ ನೋಡಿ.”

ಮಾತು ಬಾಯಿಂದ ಹೊರಟಿತು. ಯಜಮಾನರು ಈ ಕಡೆ ತಿರುಗಲಿಲ್ಲ.

ಮೂವರೂ ಕಂಬಕ್ಕೆ ಒರಗಿದಲ್ಲೇ ತಲೆ ಮೇಲೆತ್ತಿದ್ದರು. ಸೊಸೆಯ ಕಣ್ಣು ಇಷ್ಟಗಲ ತೆರೆದಿತ್ತು. ನಾದಿನಿಯ ಕೈಯ ಹಣ್ಣು ಅರ್ಧ ಕಚ್ಚಿದಂತೆಯೇ ನಿಂತಿತ್ತು. ಯಜಮಾನರು ತೋರುಬೆರಳೆತ್ತಿ ಗಾಳಿಯಲ್ಲಿ ಏನನ್ನೋ ಹಿಂಬಾಲಿಸುತ್ತಿದ್ದರು. ಹಿರಿಯಾಕೆ ಆ ಬೆರಳಿನ ಜೊತೆಯಲ್ಲಿ ಮೇಲೆ ನೋಡಿದಳು. ಬೆರಳು ಹೊಳೆಯ ಮೇಲಂಚನ್ನು ಹಿಡಿದು ಬಂತು. ನೆರಿಗೆ ಇದ್ದಲ್ಲಿ ಇಳಿಯಿತು, ಏರಿತು. ನಗುವ ಹೆಂಗಸಿನ ಹತ್ತಿರ, ಅಂಚು ಜಾರಿದ ಜಾಗದಲ್ಲಿ ತಡೆಯಿತು. ಅವರು ತಂಗಿಯ ಕಡೆ ವಾಲಿ ಏನೋ ಅಂದರು. ತುಟಿ ಅಲ್ಲಾಡಿತು, ದನಿ ಬರಲಿಲ್ಲ. ನಾದಿನಿ ತೊಡೆ ತಟ್ಟಿ ನಕ್ಕಳು. ಆ ನಗು ಕೇಳಿಸಿತು.

ಮೂರು ಜೊತೆ ಕಣ್ಣು ಒಂದೇ ಕಡೆ ನೆಟ್ಟಿದ್ದವು. ಅವನ್ನು ಕಾಯುವವರು ಯಾರೂ ಇರಲಿಲ್ಲ.

ಹಿರಿಯಾಕೆ ಕಾವಲಿನವಳ ಕಡೆ ನೋಡಿದಳು. ಅವಳು ಮತ್ತೆ ಅಡಕೆ ಕತ್ತರಿಸುತ್ತಿದ್ದಳು.

“ಅವರಿಗೂ ಕಾಣ್ತಿದೆಯಾ?”

“ಕಾಣದೇನು ತಾಯಿ? ಅವರ ದಾರದಲ್ಲಿ ಈಗ ಮೂರೇ ಜನ. ಮೂವರೂ ನೋಡ್ತಿದಾರೆ.”

ಹೊತ್ತು ಮುಳುಗಲು ಇನ್ನು ಸ್ವಲ್ಪವೇ ಇದೆ ಅನ್ನುವವರೆಗೆ ನಾಲ್ವರೂ ಅಲ್ಲೇ ಇದ್ದರು, ಮೂವರು ಕೂತು, ಒಬ್ಬಳು ನಿಂತು. ದಿಬ್ಬ ಇಳಿಯುವಾಗ ಆನೆ ಲಾಯ, ಅಂಗಡಿ ಬೀದಿ, ಗೋಪುರ, ಎಲ್ಲವೂ ಸಂಜೆಗೆಂಪಿನಲ್ಲಿ ರಾಣಿಯ ಕಾಲದಲ್ಲಿ ಇದ್ದಂತೆಯೇ ಎದ್ದು ನಿಂತಿದ್ದವು. ಹಿರಿಯಾಕೆ ಎಲ್ಲವನ್ನೂ ನೋಡಿದಳು. ಹಿಂದೆ ಬರುತ್ತಿದ್ದವರೂ ನೋಡುತ್ತಿದ್ದರು. ಒಮ್ಮೆ ಯಜಮಾನರು ಹತ್ತಿರ ಬಂದು, “ಅಲ್ಲ ಕಣೇ, ನೀನು ಆವಾಗಿನಿಂದ ಹೇಳ್ತಿದ್ದೆಯಲ್ಲ, ಅದು ನಿಜವಾಗಿಯೂ…” ಅಂದರು. ಮುಂದಿನದು ಬರೀ ತುಟಿ. ಅವರ ಮುಖದಲ್ಲಿ ಹುಡುಗರ ಉತ್ಸಾಹ ಇತ್ತು. ಹಿರಿಯಾಕೆ, “ನನಗೆ ಕೇಳಿಸಲ್ಲರೀ,” ಅಂದಳು. ಅದು ಅವರಿಗೆ ಕೇಳಿಸಿತು. ಅವರ ತುಟಿ ನಿಂತಿತು. ಸ್ವಲ್ಪ ದೂರ ನಡೆದ ಮೇಲೆ, “ಮಂಡಿ ಹೇಗಿದೆ?” ಅಂದರು.

ಮಂಟಪ ನೋಡಿದ್ದಕ್ಕೆ ಹಿರಿಯಾಕೆಗೆ ತಗುಲಿದ ಬೆಲೆ ಇಷ್ಟೇ. ಮನೆಯಲ್ಲಿ ಊಟಕ್ಕೆ ಕೂತಾಗ ಒಮ್ಮೊಮ್ಮೆ ಮೂವರ ತುಟಿ ಆಡುತ್ತದೆ. ಯಜಮಾನರ ಎಡಗೈ ಬೆರಳು ಮೇಲೆದ್ದು ಗಾಳಿಯಲ್ಲಿ ಇಳಿಯುತ್ತದೆ, ಏರುತ್ತದೆ. ಸೊಸೆ ತಲೆಯಾಡಿಸುತ್ತಾಳೆ, ನಾದಿನಿ ಏನೋ ಸೇರಿಸುತ್ತಾಳೆ, ಮೂವರೂ ನಗುತ್ತಾರೆ. ನಗು ಕೇಳಿಸುತ್ತದೆ. ಆ ಚಿತ್ರದ ಬಗ್ಗೆ ಅವರಿಗಿಂತ ಹೆಚ್ಚು ಬಲ್ಲವಳು ತಟ್ಟೆ ನೋಡುತ್ತ ಕೂತಿರುತ್ತಾಳೆ. ಆಮೇಲೆ ಯಾರಾದರೂ ಆಕೆಯ ಕಡೆ ತಿರುಗಿ, “ಮಜ್ಜಿಗೆ ಹಾಕಲಾ?” ಅನ್ನುತ್ತಾರೆ. ಅದು ಸ್ಪಷ್ಟವಾಗಿ ಕೇಳಿಸುತ್ತದೆ. ಆಕೆ ತಟ್ಟೆ ಮುಂದಕ್ಕೆ ಸರಿಸುತ್ತಾಳೆ.